ಮಣ್ಣೆತ್ತು ಮಾಡುವ ಕೈಗಳು

ಮಗುವಿನ ಆಟವನ್ನು ಕಾಲಹರಣವೆಂದು ಎಣಿಸುವುದು ಹಿರಿಯರಲ್ಲಿ ಬೆಳೆದು ಬಂದಿರುವ ರೂಢಿ. ಓದು ಮುಗಿದ ಮೇಲೆ ಆಟ, ಅಂಕ ಬಂದ ಮೇಲೆ ಹವ್ಯಾಸ, ನೌಕರಿ ಸಿಕ್ಕ ಮೇಲೆ ಸ್ವಂತದ ಆಲೋಚನೆ ಎಂಬ ಕ್ರಮವು ಅನೇಕ ಮನೆಗಳಲ್ಲಿ ಕಟ್ಟಳೆಯಂತೆ ನಡೆದಿದೆ. ಈ ಕ್ರಮದಲ್ಲಿ ಬೆಳೆದ ಮಗು ದೊಡ್ಡದಾದ ಮೇಲೆ ಅದೇ ತಂದೆತಾಯಿಗಳು, ನಮ್ಮ ಹುಡುಗನಿಗೆ ಸ್ವಂತ ಬುದ್ಧಿಯಿಂದ ಒಂದು ಹೆಜ್ಜೆ ಇಡಲು ಬರುವುದಿಲ್ಲ, ಯಾರಾದರೂ ಹೇಳಿದರೆ ಮಾಡಿಯಾನು ಎಂದು ಕೊರಗುವುದನ್ನು ನಾವು ಕೇಳುತ್ತೇವೆ. ಬಿತ್ತದೆ ಬೆಳೆಯನ್ನು ಕಾಯುವುದೆಂದರೆ ಇದೇ ಅಲ್ಲವೆ? ಮಕ್ಕಳ ಕಲ್ಪನಾಶಕ್ತಿಗೂ ಮುಂದೆ ಅವರಲ್ಲಿ ಮೂಡಬೇಕಾದ ಉದ್ಯಮಶೀಲತೆಗೂ ಇರುವ ಸಂಬಂಧವನ್ನು ಈ ಸಲ ಓದುಗರೊಡನೆ ವಿಚಾರ ಮಾಡಬಯಸುತ್ತೇವೆ.

ಕಲ್ಪನೆಯೆಂದರೆ ಕಣ್ಣೆದುರಿಗೆ ಇನ್ನೂ ಇಲ್ಲದುದನ್ನು ಮನಸ್ಸಿನಲ್ಲಿ ಕಾಣುವುದು. ಉದ್ಯಮವೆಂದರೆ ಹಾಗೆ ಕಂಡುದನ್ನು ಕೈಯಿಂದ ಆಗುಮಾಡಿ, ಅದು ಇನ್ನೊಬ್ಬರ ಬದುಕಿಗೆ ಉಪಯೋಗವಾಗುವಂತೆ ನಡೆಸುವುದು. ಮೊದಲನೆಯದು ಬೇರು, ಎರಡನೆಯದು ಫಲ. ಬೇರನ್ನು ಒಣಗಲು ಬಿಟ್ಟು ಫಲವನ್ನು ಮಾತ್ರ ಅಪೇಕ್ಷಿಸಿದರೆ ದೊರೆಯುವುದು ಹೇಗೆ? ಉದ್ಯಮಶೀಲತೆಯನ್ನು ಕಾಲೇಜಿನಲ್ಲಿ ಒಂದು ವಿಷಯವಾಗಿ ಬೋಧಿಸುವ ವ್ಯವಸ್ಥೆಗಳು ಇಂದು ಹೆಚ್ಚಾಗಿವೆ. ಅವು ಒಳ್ಳೆಯವೇ. ಆದರೆ ಇಪ್ಪತ್ತು ವರ್ಷ ಮುಚ್ಚಿಟ್ಟ ಕಣ್ಣನ್ನು ಇಪ್ಪತ್ತೊಂದನೆಯ ವರ್ಷದಲ್ಲಿ ಪಾಠದಿಂದ ತೆರೆಯಿಸುವುದು ಸುಲಭವಲ್ಲ. ಆ ಕಣ್ಣು ಮುಚ್ಚದಂತೆ ನೋಡಿಕೊಳ್ಳುವ ಕೆಲಸ ಮನೆಯದು.

ಮಣ್ಣಿನಲ್ಲಿ ಕಲಿಯುವ ಪಾಠ

ಇದಕ್ಕೆ ದೂರದ ನಿದರ್ಶನಗಳನ್ನು ಹುಡುಕುವುದಕ್ಕಿಂತ ಮೊದಲು ನಮ್ಮ ಅಂಗಳದಲ್ಲಿಯೇ ಇರುವುದನ್ನು ನೋಡೋಣ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾರಹುಣ್ಣಿಮೆ ಕಳೆದ ಮೇಲೆ ಬರುವ ಜ್ಯೇಷ್ಠ ಮಾಸದ ಅಮಾವಾಸ್ಯೆ ಮಣ್ಣೆತ್ತಿನ ಅಮಾವಾಸ್ಯೆ. ಆ ದಿನಕ್ಕಾಗಿ ಮಕ್ಕಳು ಹೊಲದಿಂದಲೋ ಕೆರೆಯ ಅಂಚಿನಿಂದಲೋ ಜಿಗುಟು ಮಣ್ಣನ್ನು ತರುತ್ತಾರೆ. ಕಲ್ಲು, ಕಸ ತೆಗೆದು ನಾದುತ್ತಾರೆ. ಜೋಡೆತ್ತು ಮಾಡುತ್ತಾರೆ, ಅವುಗಳ ಮುಂದೆ ಒಂದು ಗೋದಲಿಯನ್ನೂ ಮಾಡುತ್ತಾರೆ. ಕೋಡು ಮೂಡಿಸುತ್ತಾರೆ, ಕೊರಳಿಗೆ ಮಣಿ ಕಟ್ಟುತ್ತಾರೆ. ಮನೆಯವರು ಆ ಎತ್ತುಗಳನ್ನು ಪೂಜಿಸಿ ನೈವೇದ್ಯ ಮಾಡುತ್ತಾರೆ. ಮಗುವಿನ ಕೈಯಿಂದ ಆದ ವಸ್ತುವನ್ನು ದೇವರ ಜಗಲಿಯ ಮೇಲೆ ಇಟ್ಟು ಹಿರಿಯರು ಕೈಮುಗಿಯುವ ಹಬ್ಬವಿದು. ಮಗುವಿನ ಕೃತಿಗೆ ಇದಕ್ಕಿಂತ ಹೆಚ್ಚಿನ ಮನ್ನಣೆ ಇನ್ನೆಲ್ಲಿದೆ?

ಆ ಒಂದು ಜೊತೆ ಎತ್ತಿನಲ್ಲಿ ಎಷ್ಟು ಪಾಠಗಳು ಅಡಗಿವೆ ಎಂಬುದನ್ನು ಗಮನಿಸಿರಿ. ನೀರು ಹೆಚ್ಚಾದರೆ ಎತ್ತು ಕುಸಿಯುತ್ತದೆ, ಕಡಿಮೆಯಾದರೆ ಬಿರುಕು ಬಿಡುತ್ತದೆ. ಕಾಲು ಸಣ್ಣದಾದರೆ ಮೈಯ ಭಾರವನ್ನು ತಡೆಯದು. ಆಗ ಮಗು ಕಾಲಿನೊಳಗೆ ಒಂದು ಕಡ್ಡಿಯನ್ನು ಸೇರಿಸುವ ಉಪಾಯವನ್ನು ತಾನೇ ಹುಡುಕುತ್ತದೆ, ಇಲ್ಲವೆ ಪಕ್ಕದ ಮನೆಯ ದೊಡ್ಡ ಹುಡುಗನನ್ನು ನೋಡಿ ಕಲಿಯುತ್ತದೆ. ಬಿಸಿಲಿಗೆ ಇಟ್ಟರೆ ಒಡೆಯುವುದು, ನೆರಳಿಗೆ ಇಟ್ಟರೆ ಉಳಿಯುವುದು ಎಂಬುದು ಒಂದು ಎತ್ತು ಒಡೆದ ಮೇಲೆಯೇ ತಿಳಿಯುವ ಸತ್ಯ. ಒಡೆದ ಎತ್ತಿನ ಮಣ್ಣನ್ನು ಮತ್ತೆ ನೆನೆಸಿ ಮತ್ತೊಂದು ಎತ್ತು ಮಾಡಬಹುದು ಎಂಬುದು ಅದಕ್ಕಿಂತ ದೊಡ್ಡ ಸತ್ಯ. ಸೋಲಿನಿಂದ ಏನೂ ನಾಶವಾಗದ ಜಾಗದಲ್ಲಿ ಮಗು ಸೋಲುವುದನ್ನು ಕಲಿಯುತ್ತದೆ.

ಹಬ್ಬ ಅಲ್ಲಿಗೆ ಮುಗಿಯುವುದಿಲ್ಲ. ಕೆಲವು ಊರುಗಳಲ್ಲಿ ಮರುದಿನ ಮಕ್ಕಳು ಮಣ್ಣೆತ್ತನ್ನು ಹಿಡಿದುಕೊಂಡು ಹಾಡುತ್ತ ಮನೆಮನೆಗೆ ಹೋಗಿ ಕಾಳು, ಕಾಸು ಕೂಡಿಸುತ್ತಾರೆ. ಯಾವ ಓಣಿಗೆ ಮೊದಲು ಹೋಗಬೇಕು, ಕೂಡಿಸಿದ್ದನ್ನು ಯಾರು ಹೊರಬೇಕು, ಬಂದುದರಲ್ಲಿ ಏನು ಅಡಿಗೆ ಮಾಡಿಸಬೇಕು ಎಂಬುದೆಲ್ಲ ಅವರದೇ ಸಭೆಯಲ್ಲಿ ತೀರ್ಮಾನವಾಗುತ್ತದೆ. ಕೊನೆಗೆ ಎಲ್ಲರೂ ಕೂಡಿ ಉಣ್ಣುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನಿಂದ ಗುಳ್ಳವ್ವನನ್ನು ಮಾಡಿ, ಗುಲಗಂಜಿಯಿಂದ ಸಿಂಗರಿಸಿ ಆಡುವ ಆಟವೂ ಇದೇ ಬಗೆಯದು. ವಸ್ತುವನ್ನು ಕಲ್ಪಿಸುವುದು, ಮಾಡುವುದು, ಅದನ್ನು ಜನರ ಮುಂದೆ ಒಯ್ಯುವುದು, ಬಂದುದನ್ನು ಹಂಚಿಕೊಳ್ಳುವುದು. ಒಂದು ಉದ್ಯಮಕ್ಕೆ ಬೇಕಾದ ನಾಲ್ಕು ಅಂಗಗಳೂ ಇಲ್ಲಿವೆ. ಇದನ್ನು ಯಾರೂ ಪಾಠವೆಂದು ಕರೆಯಲಿಲ್ಲ. ಆದುದರಿಂದಲೇ ಮಕ್ಕಳು ಇದನ್ನು ಅಷ್ಟು ಮನಸ್ಸಿಟ್ಟು ಕಲಿತರು.

ಈಗ ಪೇಟೆಯಲ್ಲಿ ಸಿದ್ಧ ಮಣ್ಣೆತ್ತುಗಳು ದೊರೆಯುತ್ತವೆ, ಬಣ್ಣ ಹಚ್ಚಿದವೂ ದೊರೆಯುತ್ತವೆ. ಅವುಗಳನ್ನು ಮಾಡಿ ಮಾರುವವರಿಗೆ ಅದು ಜೀವನೋಪಾಯ. ಅದನ್ನು ನಾವು ಹಳಿಯುವುದಿಲ್ಲ. ಪೂಜೆಗೆ ಪೇಟೆಯ ಜೋಡಿಯನ್ನೇ ತನ್ನಿರಿ. ಆದರೆ ಮಗುವಿಗೆ ಒಂದು ಹೆಂಟೆ ಮಣ್ಣನ್ನೂ ತನ್ನಿರಿ. ಅದು ಮಾಡಿದ ಸೊಟ್ಟ ಎತ್ತನ್ನು ಪೇಟೆಯ ಎತ್ತಿನ ಪಕ್ಕದಲ್ಲಿಯೇ ಜಗಲಿಯ ಮೇಲೆ ಇಡಿರಿ. ಅಂಗಿ ಕೊಳೆಯಾಗುವುದೆಂದು ಅಂಜುವ ತಾಯಂದಿರಿಗೆ ನಾವು ಹೇಳುವುದಿಷ್ಟೆ. ಅಂಗಿಯ ಕೊಳೆ ಒಂದು ಒಗೆತಕ್ಕೆ ಹೋಗುತ್ತದೆ, ನನಗೆ ಏನೂ ಮಾಡಲು ಬಾರದು ಎಂಬ ಅಂಜಿಕೆ ಒಮ್ಮೆ ಹತ್ತಿದರೆ ಬೇಗ ಹೋಗುವುದಿಲ್ಲ.

ಮಕ್ಕಳ ಸಂತೆಯಲ್ಲಿ ಉಳಿದ ಕೊತ್ತಂಬರಿ

ಮಣ್ಣಿನಲ್ಲಿ ಆರಂಭವಾದ ಈ ಕಲಿಕೆಗೆ ಶಾಲೆಯಲ್ಲಿಯೂ ಒಂದು ಮುಂದುವರಿಕೆ ಇದೆ. ನಮ್ಮ ನಾಡಿನ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಈಚಿನ ವರ್ಷಗಳಲ್ಲಿ ಮಕ್ಕಳ ಸಂತೆ ಅಥವಾ ಮೆಟ್ರಿಕ್ ಮೇಳ ಎಂಬ ಹೆಸರಿನಲ್ಲಿ ಒಂದು ದಿನದ ಸಂತೆಯನ್ನು ಏರ್ಪಡಿಸುತ್ತಾರೆ. ಮಕ್ಕಳು ಹಿತ್ತಲಿನ ನಿಂಬೆ, ನುಗ್ಗೆ, ಕರಿಬೇವು, ಹೊಲದ ಮೆಂತ್ಯ, ಕೊತ್ತಂಬರಿ, ಮನೆಯ ಚಕ್ಕುಲಿ, ಮಂಡಕ್ಕಿಗಳನ್ನು ತಂದು ಶಾಲೆಯ ಅಂಗಳದಲ್ಲಿ ಹರವಿ ಕೂಡುತ್ತಾರೆ. ತೂಕ, ಅಳತೆ, ಚಿಲ್ಲರೆ, ಲಾಭ, ನಷ್ಟ ಎಂಬ ಗಣಿತದ ಮಾತುಗಳು ಅಂದು ಪುಸ್ತಕದಿಂದ ಇಳಿದು ತಕ್ಕಡಿಗೆ ಬರುತ್ತವೆ. ತರಗತಿಯಲ್ಲಿ ತಲೆ ಎತ್ತದ ಹುಡುಗಿ ಅಂದು ಗಿರಾಕಿಯನ್ನು ಕೂಗಿ ಕರೆಯುವುದನ್ನು ಕಂಡು ಬೆರಗಾಗದ ಶಿಕ್ಷಕರು ವಿರಳ.

ಆದರೆ ಇಲ್ಲಿಯೂ ಹಿರಿಯರ ಪ್ರೀತಿ ಒಮ್ಮೊಮ್ಮೆ ಅಡ್ಡ ಬರುತ್ತದೆ. ಮಗುವಿನ ಬುಟ್ಟಿಯಲ್ಲಿ ಕೊತ್ತಂಬರಿ ಉಳಿದಿದೆಯೆಂದು ಕಂಡೊಡನೆ ತಂದೆ ಮುಂದೆ ಬಂದು ಎಲ್ಲವನ್ನೂ ಕೊಂಡುಬಿಡುತ್ತಾನೆ. ಇಲ್ಲವೆ ಚಿಕ್ಕಪ್ಪನಿಗೆ ಹೇಳಿ ಕೊಳ್ಳುವಂತೆ ಮಾಡುತ್ತಾನೆ. ಮಗು ನಗುತ್ತ ಮನೆಗೆ ಬರುತ್ತದೆ, ಸರಿ. ಆದರೆ ಅದು ಏನು ಕಲಿಯಿತು? ತಾನು ತಂದುದೆಲ್ಲ ಮಾರಾಟವಾಗುವುದು ಸಹಜವೆಂದು ಕಲಿಯಿತು. ಹಾಗಾಗುವುದಿಲ್ಲವೆಂದು ಲೋಕವು ಮುಂದೆ ಬಹಳ ಕಠಿಣವಾಗಿ ಕಲಿಸುತ್ತದೆ.

ಕೊತ್ತಂಬರಿ ಉಳಿಯಲಿ, ಬಾಡಲಿ. ಏಕೆ ಉಳಿಯಿತು ಎಂದು ಮಗು ಯೋಚಿಸಲಿ. ಎಲ್ಲರೂ ಕೊತ್ತಂಬರಿಯನ್ನೇ ತಂದಿದ್ದರೆ? ನೀರು ಚಿಮುಕಿಸಿ ಹಸಿಬಟ್ಟೆ ಹೊದಿಸಿದ್ದರೆ? ಮಧ್ಯಾಹ್ನದ ಹೊತ್ತಿಗೆ ಬೆಲೆ ಇಳಿಸಿದ್ದರೆ? ನಾಲ್ಕು ಮೆಣಸಿನಕಾಯಿ, ಒಂದು ನಿಂಬೆಯನ್ನು ಸೇರಿಸಿ ಒಂದೇ ಕಟ್ಟು ಮಾಡಿದ್ದರೆ? ಈ ಪ್ರಶ್ನೆಗಳನ್ನು ಕೇಳುವ ಮಗು ಅಂದು ಹತ್ತು ರೂಪಾಯಿ ಕಳೆದುಕೊಂಡಿರಬಹುದು. ಅದು ಗಳಿಸಿದ ತಿಳಿವಳಿಕೆಗೆ ಹತ್ತು ರೂಪಾಯಿ ದೊಡ್ಡ ಬೆಲೆಯೇನೂ ಅಲ್ಲ. ಉಳಿದ ಸೊಪ್ಪನ್ನು ರಾತ್ರಿಯ ಅಡಿಗೆಗೆ ಹಾಕಿ, ಊಟಕ್ಕೆ ಕುಳಿತಾಗ ಮಗುವಿನೊಡನೆ ಅದರ ಲೆಕ್ಕವನ್ನು ಮಾತನಾಡುವ ತಾಯಿ ದೊಡ್ಡ ವಿದ್ಯಾಲಯಕ್ಕಿಂತ ಕಡಿಮೆಯವಳಲ್ಲ.

ಬಿಲ್ಲುಂಡ್ ಊರಿನ ಬಡಗಿ

ಮಗುವಿನ ಕಣ್ಣಿನಿಂದ ನೋಡಬಲ್ಲ ಹಿರಿಯನ ಉದ್ಯಮ ಎಷ್ಟು ದೂರ ಹೋಗಬಹುದೆಂಬುದಕ್ಕೆ ಲೋಕವೆಲ್ಲ ಬಲ್ಲ ಒಂದು ನಿದರ್ಶನವಿದೆ. ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ 1916ರಲ್ಲಿ ಒಂದು ಮರಗೆಲಸದ ಅಂಗಡಿಯನ್ನು ಕೊಂಡನು. ರೈತರಿಗೆ ಮನೆ, ಬಾಗಿಲು, ಪೀಠೋಪಕರಣಗಳನ್ನು ಮಾಡಿಕೊಡುವುದು ಅವನ ವೃತ್ತಿ. 1924ರಲ್ಲಿ ಅವನ ಇಬ್ಬರು ಎಳೆಯ ಮಕ್ಕಳು ಕಾರ್ಯಶಾಲೆಯಲ್ಲಿ ಆಡುತ್ತ ಹೊತ್ತಿಸಿದ ಬೆಂಕಿ ಮರದ ಹೊಟ್ಟಿಗೆ ತಗಲಿ ಅಂಗಡಿಯೂ ಮನೆಯೂ ಸುಟ್ಟುಹೋದವು. ಅವನು ಮತ್ತೆ ಕಟ್ಟಿದನು. ಮುಂದೆ ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟು ತಲೆದೋರಿ, ರೈತರ ಕೈಯಲ್ಲಿ ಹಣವಿಲ್ಲದಂತಾಗಿ, ಮನೆ ಕಟ್ಟಿಸುವವರು ಇಲ್ಲವಾದರು. 1932ರಲ್ಲಿ ಅವನು ಏಣಿ, ಇಸ್ತ್ರಿಯ ಹಲಗೆಗಳಂತಹ ಸಣ್ಣ ವಸ್ತುಗಳ ಜೊತೆಗೆ ಮರದ ಆಟಿಕೆಗಳನ್ನೂ ಮಾಡತೊಡಗಿದನು. ಅದೇ ವರ್ಷ ಅವನ ಪತ್ನಿ ತೀರಿಕೊಂಡಳು. ನಾಲ್ವರು ಗಂಡುಮಕ್ಕಳ ಹೊಣೆ ಅವನೊಬ್ಬನ ಮೇಲೆ ಬಿದ್ದಿತು.

ಆ ಕಾಲದಲ್ಲಿ ದಾರ ಕಟ್ಟಿ ಮೇಲೆ ಕೆಳಗೆ ಆಡಿಸುವ ಯೋಯೋ ಎಂಬ ಆಟಿಕೆಯ ಹುಚ್ಚು ಎಲ್ಲೆಡೆ ಹಬ್ಬಿತ್ತು. ಬಡಗಿಯೂ ರಾಶಿ ರಾಶಿ ಯೋಯೋಗಳನ್ನು ಮಾಡಿದನು. ಹುಚ್ಚು ಥಟ್ಟನೆ ಇಳಿಯಿತು, ಸರಕು ಉಳಿಯಿತು. ನಮ್ಮ ಸಂತೆಯ ಕೊತ್ತಂಬರಿಯ ಕಥೆಯೇ ಇದು. ಅವನು ಆ ಯೋಯೋಗಳನ್ನು ಎರಡಾಗಿ ಸೀಳಿ ಆಟಿಕೆಯ ಬಂಡಿಗಳಿಗೆ ಚಕ್ರಗಳನ್ನಾಗಿ ಮಾಡಿದನು. ಯೋಯೋದಲ್ಲಿ ಚಕ್ರವನ್ನು ಕಾಣುವುದಕ್ಕೆ ಯಾವ ಪದವಿ ಬೇಕು? ಒಂದು ಕಡ್ಡಿಯನ್ನು ಕುದುರೆಯೆಂದು, ಒಂದು ಎಲೆಯನ್ನು ದೋಣಿಯೆಂದು ಕಾಣುವ ಮಗುವಿನ ಕಣ್ಣು ಅವನಲ್ಲಿ ಮುಚ್ಚಿರಲಿಲ್ಲ, ಅಷ್ಟೆ.

ಅವನ ಮಗ ಗೋಟ್‌ಫ್ರೆಡ್ ಹುಡುಗನಾಗಿದ್ದಾಗ ತಂದೆಯ ಕೆಲಸದಲ್ಲಿ ನೆರವಾಗುತ್ತಿದ್ದನು. ಒಂದು ದಿನ ಮರದ ಬಾತುಕೋಳಿಗಳಿಗೆ ಎಂದಿನಂತೆ ಮೂರು ಸಲ ಮೆರುಗು ಬಳಿಯದೆ ಎರಡೇ ಸಲ ಬಳಿದು ಕಳುಹಿಸಿ, ಇಷ್ಟು ಹಣ ಉಳಿಸಿದೆನೆಂದು ಹೆಮ್ಮೆಯಿಂದ ತಂದೆಗೆ ಹೇಳಿದನು. ತಂದೆ ಅವನನ್ನು ರೈಲ್ವೆ ನಿಲ್ದಾಣಕ್ಕೆ ಅಟ್ಟಿ, ಕಳುಹಿಸಿದ ಪೆಟ್ಟಿಗೆಗಳನ್ನು ಮರಳಿ ತರಿಸಿ, ಮೂರನೆಯ ಲೇಪವನ್ನು ಅವನ ಕೈಯಿಂದಲೇ ಬಳಿಯಿಸಿದನು. ಉದ್ಯಮದಲ್ಲಿ ಜಾಣತನ ಬೇಕು. ಆದರೆ ಕೊಳ್ಳುವ ಮಗುವಿಗೆ ಒಂದು ಲೇಪವನ್ನು ಕಡಿಮೆ ಮಾಡುವುದು ಜಾಣತನದ ಲೆಕ್ಕಕ್ಕೆ ಸೇರುವುದಿಲ್ಲ. ಈ ಕಥೆಯನ್ನು ಗೋಟ್‌ಫ್ರೆಡ್ ತಾನೇ ಮುಂದೆ ಹೇಳುತ್ತಿದ್ದನು.

1942ರಲ್ಲಿ ಅವರ ಕಾರ್ಖಾನೆ ಮತ್ತೊಮ್ಮೆ ಬೆಂಕಿಗೆ ಆಹುತಿಯಾಯಿತು, ಮತ್ತೆ ಕಟ್ಟಿದರು. 1958ರ ಜನವರಿ 28ರಂದು ಗೋಟ್‌ಫ್ರೆಡ್, ಒಂದಕ್ಕೊಂದು ಬಿಗಿಯಾಗಿ ಕೂಡುವ ಪ್ಲಾಸ್ಟಿಕ್ ಇಟ್ಟಿಗೆಯ ರಚನೆಗೆ ಹಕ್ಕುಪತ್ರಕ್ಕಾಗಿ ಅರ್ಜಿ ಸಲ್ಲಿಸಿದನು. ಅದೇ ಇಂದು ಮಕ್ಕಳೆಲ್ಲ ಬಲ್ಲ ಲೆಗೋ. ಚೆನ್ನಾಗಿ ಆಡು ಎಂಬ ಅರ್ಥದ ಎರಡು ಡೇನಿಶ್ ಪದಗಳನ್ನು ಕೂಡಿಸಿ ತಂದೆ ಇಟ್ಟ ಹೆಸರು ಅದು. ಎಂಟು ಗುಬ್ಬಿಗಳುಳ್ಳ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ವಿಧವಾಗಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಆರೇ ಆರು ತುಂಡುಗಳಲ್ಲಿ ಇಷ್ಟು ದಾರಿಗಳಿರುವಾಗ, ಮಗುವಿಗೆ ಒಂದೇ ದಾರಿಯನ್ನು ತೋರಿಸಿ ಇದರಲ್ಲಿಯೇ ನಡೆ ಎನ್ನುವ ಹಿರಿಯರು ಕ್ಷಣಕಾಲ ನಿಂತು ಯೋಚಿಸಬೇಕು.

ಬೆಲೆಯಿಲ್ಲದ ವಸ್ತುಗಳ ಬೆಲೆ

ಇಂತಹ ಆಟಿಕೆಗಳು ಬಹಳ ದುಬಾರಿ, ನಮ್ಮಂತಹ ಮನೆಗಳಿಗೆ ಹೇಗೆ ಸಾಧ್ಯ ಎಂದು ಓದುಗರು ಕೇಳಬಹುದು. ಹಣಕ್ಕೂ ಕಲ್ಪನೆಗೂ ಗಂಟು ಹಾಕಬೇಕಾಗಿಲ್ಲ. ಕಾನ್ಪುರದ ಐಐಟಿಯಲ್ಲಿ ಇಂಜಿನಿಯರಿಂಗ್ ಓದಿದ ಅರವಿಂದ ಗುಪ್ತ ಅವರು ದೊಡ್ಡ ಕಾರ್ಖಾನೆಯ ಉದ್ಯೋಗದಿಂದ ರಜೆ ಪಡೆದು, 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮಕ್ಕೆ ಹೋದರು. ಹಳ್ಳಿಯ ಸಂತೆಯಲ್ಲಿ ಸೈಕಲ್ಲಿನ ವಾಲ್ವ್ ಟ್ಯೂಬ್ ಕಣ್ಣಿಗೆ ಬಿತ್ತು. ಅದನ್ನು ತುಂಡು ಮಾಡಿ ಬೆಂಕಿಕಡ್ಡಿಗಳ ತುದಿಗೆ ಸಿಕ್ಕಿಸಿದಾಗ ತ್ರಿಕೋನ, ಚೌಕ, ಮನೆ, ಗೋಪುರಗಳೆಲ್ಲ ಮೂಡಿದವು. ಆಮೇಲಿನ ತಮ್ಮ ಜೀವನವನ್ನು ಅವರು ಕಸದಿಂದ ಆಟಿಕೆ ಮಾಡುವ ಈ ವಿದ್ಯೆಗೇ ಮೀಸಲಿಟ್ಟರು. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಮಗುವು ಆಟಿಕೆಯನ್ನು ಮುರಿದು ಒಳಗೆ ಏನಿದೆಯೆಂದು ನೋಡಬೇಕು ಎಂಬುದು ಅವರ ನಿಲುವು. ಬೆಲೆಬಾಳುವ ಆಟಿಕೆಯನ್ನು ಮುರಿಯಬೇಡವೆನ್ನುತ್ತೇವೆ; ಬೆಂಕಿಕಡ್ಡಿಯ ಮನೆಯನ್ನು ಮುರಿಯಬೇಡ ಎನ್ನುವವರು ಯಾರು?

ವಸ್ತುವಿನಷ್ಟೇ ಮುಖ್ಯವಾದುದು ಕಥೆ. ಗುಜರಾತಿನ ಭಾವನಗರದ ಗಿಜುಭಾಯಿ ಬಧೇಕಾ ಅವರು ಮೊದಲು ವಕೀಲರಾಗಿದ್ದರು. ಮಗ ಹುಟ್ಟಿದ ಮೇಲೆ ಅವನನ್ನು ಬೆಳೆಸುವುದು ಹೇಗೆಂಬ ಚಿಂತೆಯಿಂದ ಮಾಂಟೆಸೊರಿ ಅವರ ಗ್ರಂಥಗಳನ್ನು ಓದಿದರು. ಓದುತ್ತ ಓದುತ್ತ ವಕೀಲಿಯನ್ನೇ ಬಿಟ್ಟರು. 1920ರಲ್ಲಿ ಅವರು ಅಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಮೀಸೆಯುಳ್ಳ ತಾಯಿ ಎಂಬ ಅರ್ಥದ ಗುಜರಾತಿ ಹೆಸರಿನಿಂದ ಜನ ಅವರನ್ನು ಅಕ್ಕರೆಯಿಂದ ಕರೆದರು. ಹೊಡೆತ, ಬೈಗುಳ, ಬಹುಮಾನದ ಆಸೆ ಯಾವುದೂ ಇಲ್ಲದೆ ಕಥೆ, ಹಾಡು, ನಾಟಕ, ಕೈಗೆಲಸಗಳಿಂದ ಮಕ್ಕಳು ಕಲಿಯಬಲ್ಲರೆಂದು ಅವರು ತೋರಿಸಿದರು. ಅವರ ದಿವಾಸ್ವಪ್ನ ಎಂಬ ಪುಸ್ತಕವನ್ನು ಶಿಕ್ಷಕರು ಇಂದಿಗೂ ಓದುತ್ತಾರೆ. ಇಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಆ ಮನೆಯಲ್ಲಿ ಮಗನಿಗಿಂತ ಮೊದಲು ಬದಲಾದವನು ತಂದೆ.

ರಾತ್ರಿ ಮಲಗುವಾಗ ಅಜ್ಜಿ ಹೇಳುವ ಕಥೆಗೆ ಚಿತ್ರವಿರುವುದಿಲ್ಲ. ರಾಕ್ಷಸನ ಹಲ್ಲು ಎಷ್ಟು ಉದ್ದ, ಕಾಡು ಎಷ್ಟು ಕತ್ತಲೆ, ರಾಜಕುಮಾರಿಯ ಸೀರೆಯ ಬಣ್ಣ ಯಾವುದು ಎಂಬುದನ್ನು ಕೇಳುವ ಮಗುವೇ ತುಂಬಿಕೊಳ್ಳಬೇಕು. ಮೊಬೈಲಿನ ಪರದೆಯ ಮೇಲೆ ಎಲ್ಲವೂ ತುಂಬಿಯೇ ಬರುತ್ತದೆ. ಮಗುವಿಗೆ ತುಂಬಲು ಏನೂ ಉಳಿಯುವುದಿಲ್ಲ. ಮೊಬೈಲನ್ನು ಮನೆಯಿಂದ ಓಡಿಸುವುದು ಇನ್ನು ಸಾಧ್ಯವಿಲ್ಲದ ಮಾತು. ಆದರೆ ದಿನಕ್ಕೆ ಒಂದು ಕಥೆಯನ್ನು ಮನೆಯೊಳಗೆ ಕರೆತರುವುದು ಸಾಧ್ಯ. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಮುಂದೇನಾಯಿತು ನೀನೇ ಹೇಳು ಎಂದು ಕೇಳುವುದೂ ಸಾಧ್ಯ.

ಹಿರಿಯರೊಳಗಿನ ಮಗು

ಇದೆಲ್ಲ ಎಳೆಯರ ಮಾತಾಯಿತು, ನಮ್ಮ ವಯಸ್ಸು ಮೀರಿತು ಎಂದು ನಿಟ್ಟುಸಿರಿಡುವ ಹಿರಿಯರಿಗಾಗಿ ಇನ್ನೊಂದು ವೃತ್ತಾಂತವನ್ನು ಹೇಳಬೇಕಾಗಿದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವದ ಒಂದು ವಠಾರದ ಮಾಳಿಗೆಯ ಮೇಲೆ ಏಳು ಜನ ಗೃಹಿಣಿಯರು ಕೂಡಿ ಹಪ್ಪಳ ಮಾಡಿದರು. ಅವರ ಬಂಡವಾಳ ಸಾಲವಾಗಿ ತಂದ 80 ರೂಪಾಯಿ. ಅಂದು ಆದುದು ನಾಲ್ಕು ಕಟ್ಟು ಹಪ್ಪಳ. ಹಪ್ಪಳ ಮಾಡುವುದು ಅವರಿಗೆ ಹೊಸದೇನೂ ಆಗಿರಲಿಲ್ಲ. ಮನೆಯವರಿಗಾಗಿ ಮಾಡುವ ಇದನ್ನು ನಗರಕ್ಕೆಲ್ಲ ಏಕೆ ಮಾಡಬಾರದು ಎಂಬ ಕಲ್ಪನೆ ಮಾತ್ರ ಹೊಸದಾಗಿತ್ತು.

ಮೊದಲ ವರ್ಷ ಮಳೆಗಾಲ ಬಂದಾಗ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಅವರು ಒಂದು ಮಂಚ, ಒಂದು ಸ್ಟವ್ ಕೊಂಡರು. ಮಂಚದ ಮೇಲೆ ಹಪ್ಪಳ ಹರವಿ ಕೆಳಗೆ ಸ್ಟವ್ ಹೊತ್ತಿಸಿದರು. ಮಳೆಯಲ್ಲಿಯೂ ಹಪ್ಪಳ ಒಣಗಿತು. ಮಂಚದಲ್ಲಿ ಒಣಗಿಸುವ ಕಟ್ಟೆಯನ್ನು ಕಂಡ ಆ ತಾಯಂದಿರೂ, ಯೋಯೋದಲ್ಲಿ ಚಕ್ರವನ್ನು ಕಂಡ ಆ ಬಡಗಿಯೂ, ಮಣ್ಣೆತ್ತಿನ ಕಾಲಿಗೆ ಕಡ್ಡಿ ಸೇರಿಸಿದ ನಮ್ಮ ಮಗುವೂ ಒಂದೇ ಮನೆತನದವರೆಂದು ನಾವು ಭಾವಿಸುತ್ತೇವೆ. ಆ ಏಳು ಜನರ ಹಪ್ಪಳವೇ ಇಂದು ಲಿಜ್ಜತ್ ಎಂಬ ಹೆಸರಿನಿಂದ ದೇಶವಿದೇಶಗಳಲ್ಲಿ ಪ್ರಸಿದ್ಧವಾಗಿದೆ. ಅದರಲ್ಲಿ ದುಡಿಯುವ ಹೆಣ್ಣುಮಕ್ಕಳೆಲ್ಲರೂ ಅದರ ಒಡತಿಯರು. ಲಾಭವಾದರೂ ನಷ್ಟವಾದರೂ ಹಂಚಿಕೊಳ್ಳುವವರು. ಮೊದಲ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು.

ನಮ್ಮಲ್ಲಿಯೂ ಹುಬ್ಬಳ್ಳಿ, ವಿಜಯಪುರ, ಕಲಬುರ್ಗಿಗಳ ಓಣಿಗಳಲ್ಲಿ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆಗಳನ್ನು ಮಾಡಿ ಮಾರಿ ಸಂಸಾರವನ್ನು ಎತ್ತಿ ನಿಲ್ಲಿಸಿದ ತಾಯಂದಿರು ಎಷ್ಟೋ ಜನ ಇದ್ದಾರೆ. ತಮ್ಮ ಕೈಯ ಕೆಲಸ ದಿನನಿತ್ಯದ್ದೆಂದು ಬೆಲೆಯಿಲ್ಲದ್ದಾಗಿ ಕಂಡಿತ್ತು. ಒಂದು ದಿನ ಅದನ್ನೇ ಹೊಸ ಕಣ್ಣಿನಿಂದ ನೋಡಿದರು. ಇಂತಹ ತಾಯಂದಿರ ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಕಟುವಾದರೂ ಹೇಳಬೇಕಾಗಿದೆ. ಅಂಗಡಿಯ ಗಲ್ಲೆಯ ಮೇಲೆ ಮಗನನ್ನು ಕೂಡಿಸುವ ಮನೆಗಳಲ್ಲಿ ಮಗಳಿಗೆ ಲೆಕ್ಕದ ಪುಸ್ತಕವನ್ನು ತೋರಿಸುವುದು ಇಂದಿಗೂ ವಿರಳ. ಮಕ್ಕಳ ಸಂತೆಯಲ್ಲಿ ಅಷ್ಟು ಚುರುಕಾಗಿ ತಕ್ಕಡಿ ಹಿಡಿದ ಹುಡುಗಿಯ ಕೈ ಮನೆಗೆ ಬಂದೊಡನೆ ಏಕೆ ಬರಿದಾಗಬೇಕು?

ಎಚ್ಚರದ ಮಾತು

ಉದ್ಯಮಶೀಲತೆಯ ಹೆಸರಿನಲ್ಲಿ ಮಗುವನ್ನು ಹಣದ ಹಿಂದೆ ಅಟ್ಟುವುದು ನಮ್ಮ ಅಭಿಪ್ರಾಯವಲ್ಲ. ಮಗುವಿನ ಸಂತೆ ಆಟವಾಗಿ ಇರುವವರೆಗೆ ಮಾತ್ರ ಶಿಕ್ಷಣ. ಅದರ ಗಳಿಕೆಯ ಮೇಲೆ ಮನೆಯ ಒಲೆ ಉರಿಯತೊಡಗಿದರೆ ಅದು ದುಡಿಮೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು 2016ರ ತಿದ್ದುಪಡಿಯಾದ ಮೇಲೆ ನಮ್ಮ ದೇಶದ ಕಾಯ್ದೆ ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿದೆ. ಮನೆಯವರ ವೃತ್ತಿಯಲ್ಲಿ ಶಾಲೆಯ ವೇಳೆಯ ಆಚೆಗೆ, ಅಪಾಯವಿಲ್ಲದ ಕೆಲಸದಲ್ಲಿ ನೆರವಾಗುವುದಕ್ಕೆ ಅವಕಾಶವಿದೆ. ಕಾಯ್ದೆಗಿಂತ ಮೊದಲು ಕರುಳು ಈ ಗೆರೆಯನ್ನು ಅರಿಯಬೇಕು.

ಎರಡನೆಯ ಎಚ್ಚರ ಲಾಭದ ವಿಷಯದ್ದು. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಯನ್ನು, ಹೆಚ್ಚಿನದನ್ನು ಸುರಿದು ಬಾ ಎಂದು ಮರಳಿ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಮನೆಗಳಲ್ಲಿ ಬಲ್ಲದವರಿಲ್ಲ. ಬಾತುಕೋಳಿಗೆ ಮೂರನೆಯ ಲೇಪವನ್ನು ಬಳಿಯಿಸಿದ ಬಡಗಿಯ ನಡೆಯೂ ಅದರ ಹತ್ತಿರದ್ದೇ. ಮಕ್ಕಳ ಸಂತೆಯಲ್ಲಿ ಇಪ್ಪತ್ತು ರೂಪಾಯಿ ಗಳಿಸಿದ ಮಗುವಿಗೆ, ಇದರಲ್ಲಿ ಬೀಜಕ್ಕೆ ಎಷ್ಟು, ನಿನಗೆ ಎಷ್ಟು, ಇನ್ನೊಬ್ಬರಿಗೆ ಎಷ್ಟು ಎಂದು ಕೇಳಿರಿ. ಮೂರು ಪಾಲು ಮಾಡುವುದನ್ನು ಎಳವೆಯಲ್ಲಿ ಕಲಿತ ಕೈ ಮುಂದೆ ಲಕ್ಷಗಳು ಬಂದಾಗಲೂ ಅದನ್ನು ಮರೆಯುವುದಿಲ್ಲ. ಕಾಯಕದ ಜೊತೆಗೆ ದಾಸೋಹವನ್ನು ಹಿರಿಯರು ಜೋಡಿಸಿ ಹೇಳಿದುದರ ಅರ್ಥ ಮಗುವಿಗೆ ಉಪನ್ಯಾಸದಿಂದ ತಿಳಿಯುವುದಕ್ಕಿಂತ ಈ ಮೂರು ಪಾಲಿನಿಂದ ಬೇಗ ತಿಳಿಯುತ್ತದೆ.

ಕೊನೆಯದಾಗಿ, ಈ ತಿಂಗಳಿನಲ್ಲಿಯೇ ಮನೆಯಲ್ಲಿ ಮಾಡಬಹುದಾದ ಕೆಲವು ಸಂಗತಿಗಳನ್ನು ಓದುಗರ ಮುಂದೆ ಇಡುತ್ತೇವೆ. ಮನೆಯ ಒಂದು ಮೂಲೆಯನ್ನು ಮಕ್ಕಳಿಗೆ ಬಿಟ್ಟುಕೊಡಿರಿ. ಅಲ್ಲಿ ರಟ್ಟು, ದಾರ, ಗುಂಡಿ, ಬಟ್ಟೆಯ ಚೂರು, ಕರಟ, ಮಣ್ಣು ಇರಲಿ. ಅದನ್ನು ದಿನವೂ ಗುಡಿಸಿ ಅಚ್ಚುಕಟ್ಟು ಮಾಡುವ ಉತ್ಸಾಹವನ್ನು ತಾಯಂದಿರು ತುಸು ತಡೆದುಕೊಳ್ಳಲಿ. ದಿನಕ್ಕೆ ಒಂದು ಗಂಟೆ ಯಾವ ಪಾಠವೂ ಇಲ್ಲದ, ಯಾವ ಪರದೆಯೂ ಇಲ್ಲದ ಹೊತ್ತನ್ನು ಕೊಡಿರಿ. ಬೇಸರವಾಗುತ್ತದೆ ಎಂದು ಮಗು ದೂರಿದರೆ ಗಾಬರಿಯಾಗಬೇಡಿರಿ. ಹೊಸ ಆಟಗಳು ಹುಟ್ಟುವುದು ಆ ಬೇಸರದಲ್ಲಿಯೇ. ಹಿತ್ತಲಿನ ಒಂದು ಪಾತಿಯನ್ನೋ, ಅದಿಲ್ಲದ ಮನೆಯಲ್ಲಿ ಎರಡು ಕುಂಡಗಳನ್ನೋ ಪೂರ್ತಿಯಾಗಿ ಮಗುವಿನ ಹೊಣೆಗೆ ವಹಿಸಿರಿ. ಒಂದು ಸಣ್ಣ ಲೆಕ್ಕದ ಪುಸ್ತಕವನ್ನು ಕೊಡಿರಿ. ಅದು ತಪ್ಪಿದಾಗ, ನಾನು ಮೊದಲೇ ಹೇಳಿದ್ದೆ ಎಂಬ ಮಾತನ್ನು ನುಂಗಿಕೊಂಡು, ಮುಂದೆ ಹೇಗೆ ಮಾಡುವೆ ಎಂದು ಕೇಳಿರಿ.

ಮತ್ತು ವಾರಕ್ಕೊಮ್ಮೆಯಾದರೂ ಹಿರಿಯರೂ ಆ ಮೂಲೆಯಲ್ಲಿ ಹೋಗಿ ಕುಳಿತುಕೊಳ್ಳಲಿ. ಕಲಿಸುವುದಕ್ಕಾಗಿ ಹೋಗುವುದು ಬೇಡ, ಆಡುವುದಕ್ಕಾಗಿಯೇ ಹೋಗಲಿ. ಐವತ್ತು ವರ್ಷದ ತಂದೆ ಮಾಡಿದ ಎತ್ತಿನ ಕಾಲೂ ಮುರಿಯುತ್ತದೆಂಬುದನ್ನು ಮಗು ನೋಡಲಿ. ತಂದೆ ನಕ್ಕು ಮತ್ತೆ ಮಣ್ಣು ನಾದುವುದನ್ನೂ ನೋಡಲಿ. ಸೋಲಿಗೆ ಅಂಜದ ಸಂತಾನ ಇಂತಹ ಅಂಗಳಗಳಲ್ಲಿ ಬೆಳೆಯುತ್ತದೆ. ನಮ್ಮ ಓದುಗರ ಮನೆಮನೆಗಳಲ್ಲಿ ಅಂತಹ ಒಂದೊಂದು ಮೂಲೆ ಸಿದ್ಧವಾಗಲೆಂದು ಹಾರೈಸುತ್ತೇವೆ.